ಲಿಫ್ಟಿನ ಗಂಟೆಯ ತಂತಿ

ಇಂದುಶೇಖರರ ಸಿಟ್ಟು ಸಾಮಾನ್ಯವಾಗಿ ಹಾಲು ಉಕ್ಕಿದ ಹಾಗೆ. ಭುಸ್ಸೆಂದು ಮೇಲೇರುತ್ತದೆ, ಒಲೆ ಆರಿಸುವವರಿದ್ದರೆ ಅಷ್ಟೇ ಬೇಗ ಇಳಿಯುತ್ತದೆ. ಈ ಸಲ ಮಾತ್ರ ಮೂರನೇ ದಿನವಾದರೂ ಇಳಿದಿರಲಿಲ್ಲ. ಒಲೆ ಆರಿಸಬೇಕಾದ ಸುಮಿತ್ರಮ್ಮನವರೇ ಆಸ್ಪತ್ರೆಯಲ್ಲಿದ್ದರು.

ಗುರುವಾರ ಮಧ್ಯಾಹ್ನ ತರಕಾರಿ ಗಾಡಿಯ ಭಯ್ಯಾ ಕೂಗಿದ್ದು ಕೇಳಿ ಸುಮಿತ್ರಮ್ಮ ಆರನೇ ಮಹಡಿಯಿಂದ ಕೆಳಗಿಳಿದಿದ್ದರು. ಒಂದು ಸೋರೆಕಾಯಿ, ನಾಲ್ಕು ನಿಂಬೆಹಣ್ಣು ಹಿಡಿದು ಮತ್ತೆ ಮೇಲೆ ಬರುವಾಗ ಕರೆಂಟು ಹೋಯಿತು. ಅಪಾರ್ಟ್‌ಮೆಂಟ್ ಸೊಸೈಟಿಯ ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಲಿಫ್ಟು ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಫೋನು ಮನೆಯಲ್ಲೇ ಇತ್ತು, ಸೋರೆಕಾಯಿ ತರಲು ಹೋಗುವವರು ಫೋನು ಒಯ್ಯುತ್ತಾರೆಯೇ? ಲಿಫ್ಟಿನ ಗೋಡೆಯಲ್ಲಿ ಕೆಂಪು ಗುಂಡಿಯಿದೆ. ಅದನ್ನು ಒತ್ತಿದರೆ ಗೇಟಿನ ಗಾರ್ಡ್ ಕೋಣೆಯಲ್ಲಿ ಗಂಟೆ ಹೊಡೆಯಬೇಕು. ಬ್ಯಾಟರಿಯ ಮೇಲೆ ನಡೆಯುವ ಗಂಟೆ ಅದು, ಕರೆಂಟಿನ ಹಂಗಿಲ್ಲ. ಸುಮಿತ್ರಮ್ಮ ಒತ್ತಿದರು. ಒತ್ತಿಯೇ ಒತ್ತಿದರು. ಗಾರ್ಡ್ ಕೋಣೆಯಲ್ಲಿ ಏನೂ ಸದ್ದಾಗಲಿಲ್ಲ.

ಆ ಎರಡು ಮಹಡಿಯ ಮನೆಗಳವರೆಲ್ಲ ಆಫೀಸಿಗೆ ಹೋಗುವವರು, ಬಾಗಿಲಿಗೆ ಬೀಗ. ಕರೆಂಟಿಲ್ಲದ ಹೊತ್ತಿನಲ್ಲಿ ಲಿಫ್ಟಿನ ಕಡೆ ಯಾರು ಬರುತ್ತಾರೆ? ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ ಕರೆಂಟು ಬಂದು ಬಾಗಿಲು ತೆರೆದಾಗ ಅವರು ಎಚ್ಚರ ತಪ್ಪಿ ಬಿದ್ದಿದ್ದರು. ದೆಹಲಿಯ ಮೇ ತಿಂಗಳು, ಸಕ್ಕರೆ ಕಾಯಿಲೆ, ಹೊಟ್ಟೆಗೆ ಊಟವಿಲ್ಲ. "ಇನ್ನರ್ಧ ಗಂಟೆ ಆಗಿದ್ದರೆ..." ಎಂದು ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಪೂರ್ತಿ ಹೇಳಿದ್ದರೇ ಚೆನ್ನಾಗಿತ್ತು ಎಂದು ಇಂದುಶೇಖರರಿಗೆ ಅನ್ನಿಸಿತ್ತು.

ಶನಿವಾರ ಬೆಳಿಗ್ಗೆ ಮನೆಗೆ ಕರೆತಂದರೆ ಸುಮಿತ್ರಮ್ಮ ಲಿಫ್ಟಿನೆದುರು ನಿಂತು ತಲೆಯಾಡಿಸಿದರು.

"ನಾನು ಇದರೊಳಗೆ ಕಾಲಿಡಲ್ಲರೀ."

"ಆರು ಮಹಡಿ ಕಣೆ!"

"ಅರವತ್ತಾಗಲಿ."

ಇಂದುಶೇಖರರು ಗಾರ್ಡ್ ಕೋಣೆಯಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ಹಿಂದೆ ನಡೆದರು. ಒಂದೊಂದು ಮಹಡಿಗೂ ಕುರ್ಚಿ ಹಾಕುವುದು, ಹೆಂಡತಿ ಕೂತು ಸುಧಾರಿಸಿಕೊಳ್ಳುವುದು, ಮತ್ತೆ ಹತ್ತುವುದು. ಒಂದೊಂದು ಮಹಡಿಗೂ ಅವರ ಸಿಟ್ಟೂ ಒಂದೊಂದು ಮೆಟ್ಟಿಲು ಏರಿತು. ಆರನೆಯದು ಮುಟ್ಟುವ ಹೊತ್ತಿಗೆ ಅವರ ಕಣ್ಣಿಗೆ ಒಂದೇ ಮುಖ ಕಾಣುತ್ತಿತ್ತು. ಅದು ಸೊಸೈಟಿಯ ಸೆಕ್ರೆಟರಿ ವಿಕ್ರಮ್‌ನದು. ಅವನ ಹಲ್ಲು ಉದುರಿಸದೆ ಬಿಡುವುದಿಲ್ಲ ಎಂದು ನಿಶ್ಚಯಿಸಿದರು.

ಅವರ ಸಿಟ್ಟಿಗೆ ಕಾರಣವಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗಂಟೆ ಯಾಕೆ ಹೊಡೆಯಲಿಲ್ಲ ಎಂಬುದು ಶುಕ್ರವಾರವೇ ಗೊತ್ತಾಗಿತ್ತು. ಅವರಿರುವ ಬಿ ಟವರಿನ ಶಾಫ್ಟಿನಲ್ಲಿ, ಅಂದರೆ ನೆಲದಿಂದ ಒಂಬತ್ತನೇ ಮಹಡಿಯವರೆಗೆ ಎಲ್ಲ ತಂತಿಗಳೂ ಓಡುವ ಆ ಉದ್ದನೆಯ ಗೂಡಿನಲ್ಲಿ, ಲಿಫ್ಟಿನ ಗಂಟೆಯ ತಂತಿಯನ್ನು ಯಾರೋ ಕತ್ತರಿಸಿದ್ದರು. ಗುರುವಾರ ಅಲ್ಲಿ ಕೆಲಸ ಮಾಡಿದ್ದು ವಿಕ್ರಮ್ ಕರೆಸಿದ ಇಂಟರ್ನೆಟ್ ಕಂಪನಿಯ ಆಳು. ಮತ್ತೆ ಆ ಶಾಫ್ಟೋ, ಇಂದುಶೇಖರರ ಮಗುವಿದ್ದ ಹಾಗೆ.

ಇಂದುಶೇಖರರು ತುಮಕೂರಿನಿಂದ ಇಪ್ಪತ್ತಮೂರರ ವಯಸ್ಸಿನಲ್ಲಿ ದೆಹಲಿಗೆ ಬಂದು ಟೆಲಿಫೋನ್ ಇಲಾಖೆ ಸೇರಿದವರು. ಮೂವತ್ತೇಳು ವರ್ಷ ಕೇಬಲ್ ವಿಭಾಗದಲ್ಲೇ ಕಳೆದರು. ನೆಲದಡಿಯ ಗುಂಡಿಗಳಲ್ಲಿ ಕೂತು ಎಂಟುನೂರು ಜೋಡಿ ತಂತಿಗಳನ್ನು ಬಣ್ಣ ನೋಡಿ ಬೆಸೆದವರು. ಕೆಲಸ ಕಲಿಸಿದ ಮೇಲಿನವರು ಹುಬ್ಬಳ್ಳಿಯ ಈಶ್ವರಪ್ಪ. "ಕಟ್ಟೋವಾಗ ಬಿಚ್ಚೋವನ್ನ ನೆನಸ್ಕೋ ತಮ್ಮಾ" ಎಂಬುದು ಅವರು ಕೊಟ್ಟ ಒಂದೇ ಪಾಠ. ನಾಳೆ ಬರುವವನು ಯಾರೋ ಏನೋ, ಅವನ ಕೈಗೆ ಸುಲಭವಾಗಿ ಸಿಗುವಂತೆ ಇಡಬೇಕು. ತಂತಿಯನ್ನು ಚೂಪಾಗಿ ಬಗ್ಗಿಸಬಾರದು, ಬಿಗಿದು ಕಟ್ಟಬಾರದು, ಎರಡೂ ತುದಿಗೆ ಒಂದೊಂದು ಸುತ್ತು ಹೆಚ್ಚುವರಿ ಬಿಡಬೇಕು, ಎರಡೂ ತುದಿಗೆ ಹೆಸರು ಬರೆಯಬೇಕು.

ನಿವೃತ್ತರಾಗಿ ದೆಹಲಿಯದೇ ದ್ವಾರಕಾ ಬಡಾವಣೆಯ ಈ ಸೊಸೈಟಿಯಲ್ಲಿ ಮನೆ ಕೊಂಡ ಮೇಲೆ ಅವರು ಶಾಫ್ಟಿನ ಬಾಗಿಲು ತೆರೆದು ನೋಡಿದ್ದು ಒಂದೇ ಸಲ. ಅಂದಿನಿಂದ ನಿದ್ದೆ ಬರಲಿಲ್ಲ. ನಾಲ್ಕು ಕಂಪನಿಗಳ ಇಂಟರ್ನೆಟ್, ಕೇಬಲ್ ಟಿವಿ, ಇಂಟರ್‌ಕಾಮ್, ಕ್ಯಾಮೆರಾ, ಎಂದೋ ಸತ್ತ ಟೆಲಿಫೋನ್ ಲೈನುಗಳು, ಎಲ್ಲ ಒಂದರೊಳಗೊಂದು ಹೊಸೆದುಕೊಂಡಿದ್ದವು. ಬಂದವನೆಲ್ಲ ತನ್ನದೊಂದು ಎಳೆದು, ಹಳೆಯದನ್ನು ಅಲ್ಲೇ ಬಿಟ್ಟು ಹೋಗಿದ್ದ. ಒಬ್ಬರಿಗೆ ಹೊಸ ಕನೆಕ್ಷನ್ ಕೊಡಲು ಅರ್ಧ ದಿನ, ಅಷ್ಟರಲ್ಲಿ ಇನ್ನಿಬ್ಬರದು ಬಂದ್. ಇಂದುಶೇಖರರು ಕಮಿಟಿಯಿಂದ ಒಪ್ಪಿಗೆ ಪಡೆದು ಮೂರು ತಿಂಗಳು ಆ ಗೂಡಿನಲ್ಲಿ ತಪಸ್ಸು ಮಾಡಿದರು. ಸತ್ತ ತಂತಿಗಳನ್ನು ಹೊರಗೆ ಎಳೆದರು. ಮಿಕ್ಕವನ್ನು ಮಹಡಿವಾರು ವಿಂಗಡಿಸಿ ಮೆತ್ತನೆಯ ಪಟ್ಟಿಯಲ್ಲಿ ಕಟ್ಟಿದರು. ಕಂಪನಿಗೊಂದು ಬಣ್ಣ, ಮನೆಗೊಂದು ಬಿಳಿ ಚೀಟಿ, ಪ್ರತಿ ಮಹಡಿಯಲ್ಲೂ. ಮುಗಿದ ದಿನ ಬಾಗಿಲು ತೆರೆದು ತೋರಿಸಿದಾಗ ಸುಮಿತ್ರಮ್ಮ, "ಜಡೆ ಹೆಣೆದ ಹಾಗಿದೆಯಲ್ರೀ" ಎಂದಿದ್ದರು. ಹೊಸ ಕನೆಕ್ಷನ್ ಹತ್ತೇ ನಿಮಿಷದ ಕೆಲಸವಾಯಿತು.

ಅಂಥ ಶಾಫ್ಟಿಗೆ ಕತ್ತರಿ ಹಾಕಿಸಿದ್ದಾನೆ ಆ ವಿಕ್ರಮ್!

ಹೆಂಡತಿಗೆ ಗಂಜಿ ಕುಡಿಸಿ ಮಲಗಿಸಿ, ಟಾರ್ಚು ಹಿಡಿದು ಇಂದುಶೇಖರರು ನೆಲಮಹಡಿಗೆ ಇಳಿದರು. ಶಾಫ್ಟಿನ ಬಾಗಿಲು ತೆರೆದಿತ್ತು. ನಲವತ್ತರ ಆಸುಪಾಸಿನ ಗಂಡಸೊಬ್ಬ ಕುಕ್ಕರುಗಾಲಿನಲ್ಲಿ ಕೂತು ತಂತಿ ಬೆಸೆಯುತ್ತಿದ್ದ. ಅಂಗಿಯ ಮೇಲೆ ಕಂಪನಿಯ ಹೆಸರು, ಕೆಳಗೆ ಬ್ರಿಜೇಶ್ ಎಂಬ ಬಿಲ್ಲೆ.

"ನೀನೇನಾ ಕತ್ತರಿಸಿದವನು?" ಎಂದು ಹಿಂದಿಯಲ್ಲಿ ಗುಡುಗಿದರು.

ಅವನು ಎದ್ದು ನಿಂತ. "ನಾನೇ ಅಂಕಲ್‌ಜೀ. ಅದನ್ನೇ ಜೋಡಿಸುತ್ತಿದ್ದೇನೆ. ಮಾತಾಜಿ ಹೇಗಿದ್ದಾರೆ?"

"ಮಾತಾಜಿಯ ಸುದ್ದಿ ಎತ್ತಬೇಡ! ಕಣ್ಣಿಗೆ ಏನು ಬಡಿದಿತ್ತು ನಿನಗೆ? ಸತ್ತ ತಂತಿ ಯಾವುದು, ಜೀವ ಇರೋದು ಯಾವುದು ತಿಳಿಯದವನು ಕತ್ತರಿ ಯಾಕೆ ಹಿಡಿಯಬೇಕು? ಗೋಲ್‌ಗಪ್ಪಾ ಮಾರು, ಹೋಗು!"

ಬ್ರಿಜೇಶ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಮಾತು ಮುಗಿದ ಮೇಲೆ ಮೆಲ್ಲಗೆ ಹೇಳಿದ. "ಟೆಸ್ಟರ್ ಹಚ್ಚಿ ನೋಡಿದೆ ಅಂಕಲ್‌ಜೀ. ಏನೂ ಬರಲಿಲ್ಲ. ಗುಂಡಿ ಒತ್ತಿದಾಗ ಮಾತ್ರ ಬರುವ ಲೈನು, ಹೇಗೆ ತಿಳಿಯಬೇಕು? ಚೀಟಿ ಇತ್ತು, ಅದನ್ನೂ ನೋಡಿದೆ. ಓದಲು ಬರಲಿಲ್ಲ. ಹಿಂದಿ ಬರುತ್ತೆ, ಇಂಗ್ಲಿಷೂ ಅಷ್ಟಿಷ್ಟು ಬರುತ್ತೆ. ಇದು ಯಾವ ಲಿಪಿಯೋ ಗೊತ್ತಾಗಲಿಲ್ಲ. ನಿಮ್ಮ ಮನೆಗೆ ಬಂದೆ, ಮಾತಾಜಿ ನೀವಿಲ್ಲ ಅಂದರು. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ವಿಕ್ರಮ್ ಸಾಹೇಬರನ್ನು ಕೇಳಿದೆ. ಅಂಕಲ್ ಏನೋ ಗೀಚಿದ್ದಾರೆ, ಟೆಸ್ಟರಿನಲ್ಲಿ ಸತ್ತಿದ್ದರೆ ಕತ್ತರಿಸು ಅಂದರು."

ಅವನು ಬಗ್ಗಿ ತಂತಿಯ ತುಂಡನ್ನು ಎತ್ತಿ ಹಿಡಿದ. ಟಾರ್ಚಿನ ಬೆಳಕಿನಲ್ಲಿ ಬಿಳಿಯ ಚೀಟಿ, ಅದರ ಮೇಲೆ ಇಂದುಶೇಖರರದೇ ದುಂಡಗಿನ ಕನ್ನಡ ಅಕ್ಷರ: ಲಿಫ್ಟಿನ ಗಂಟೆ. ಮುಟ್ಟಬೇಡಿ.

"ಇದರಲ್ಲಿ ಏನು ಬರೆದಿದೆ ಅಂಕಲ್‌ಜೀ?" ಎಂದ ಬ್ರಿಜೇಶ್. ಕುಟುಕುವುದಕ್ಕೆ ಕೇಳಿದ್ದಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು.

ಇಂದುಶೇಖರರು ಟಾರ್ಚು ಆರಿಸಿದರು. "ಸರಿಯಾಗಿ ಜೋಡಿಸು" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಂದುಶೇಖರರು ತಾವಾಗಿ ಹೇಳುವವರಲ್ಲ. ಅವರು ಮೊದಲು ಚೀಟಿಗಳನ್ನು ಇಂಗ್ಲಿಷಿನಲ್ಲೇ ಬರೆದಿದ್ದರು. ಓದಲು ಸುಲಭವಾಯಿತು. ಎಷ್ಟು ಸುಲಭವೆಂದರೆ ಕಂಪನಿಗಳ ಹುಡುಗರು ಬಂದು, ಚೀಟಿ ನೋಡಿ, ಕೆಲಸ ಮುಗಿಸಿ, ಅವರ ಮನೆಯ ಗಂಟೆಯನ್ನೂ ಒತ್ತದೆ ಹೋಗಿಬಿಡುತ್ತಿದ್ದರು. ಒಂದು ತಿಂಗಳು ಕಾದರು. ಯಾರೂ ಏನೂ ಕೇಳಲಿಲ್ಲ. ಮೂವತ್ತೇಳು ವರ್ಷದ ಅನುಭವ ಇಟ್ಟುಕೊಂಡು ಮನುಷ್ಯ ಬಾಲ್ಕನಿಯಲ್ಲಿ ಕೂತು ಪಾರಿವಾಳ ಓಡಿಸುವುದೇ? ಒಂದು ದಿನ ಇಳಿದು ಹೋಗಿ ಅಷ್ಟೂ ಚೀಟಿಗಳನ್ನು ಕಿತ್ತು ಕನ್ನಡದಲ್ಲಿ ಬರೆದರು. ಬಿ ಟವರಿನಲ್ಲಿ ಕನ್ನಡ ಓದುವ ಮನೆ ಅವರದೊಂದೇ. ಮರುವಾರದಿಂದಲೇ ಬಾಗಿಲಲ್ಲಿ "ಅಂಕಲ್‌ಜೀ, ಯೇ ಕೌನ್ಸಾ ಹೈ?", ಇದು ಯಾವುದು ಎಂಬ ಪ್ರಶ್ನೆ ಶುರುವಾಯಿತು. ಇಂದುಶೇಖರರು "ಅಚ್ಛಾ, ಚಲೋ" ಎಂದು ಚಪ್ಪಲಿ ಮೆಟ್ಟಿ ಹೊರಡುವರು, ಮುಂದೆ ನಿಂತು ತೋರಿಸುವರು. ಕಮಿಟಿಯವರು ಎಲ್ಲ ಲೈನುಗಳ ಪಟ್ಟಿ ಕೊಡಿ ಎಂದು ಎರಡು ಸಲ ಕೇಳಿದ್ದರು. "ಕೆಲಸದವರು ಬಂದಾಗ ನನ್ನನ್ನು ಕರೀರಿ, ನಾನೇ ತೋರಿಸ್ತೀನಿ" ಎಂದು ಎರಡು ಸಲವೂ ತಪ್ಪಿಸಿಕೊಂಡಿದ್ದರು. ಗುರುವಾರ ಅವರು ಆರ್.ಕೆ.ಪುರಂನಲ್ಲಿ ಗೆಳೆಯ ಗೋಪಿನಾಥರ ಮೊಮ್ಮಗನ ನಾಮಕರಣದಲ್ಲಿ ಹೋಳಿಗೆ ಊಟಕ್ಕೆ ಕೂತಿದ್ದರು. ಗೊತ್ತಿಲ್ಲದ ನಂಬರಿನಿಂದ ಬಂದ ಫೋನನ್ನು ಎತ್ತುವ ಅಭ್ಯಾಸ ಈ ಟೆಲಿಫೋನ್ ಇಲಾಖೆಯ ಮನುಷ್ಯನಿಗೆ ಇಲ್ಲ.

ಮೆಟ್ಟಿಲು ಹತ್ತುತ್ತಾ ಅವರ ಸಿಟ್ಟು ಇಳಿಯಿತೆಂದು ನೀವು ತಿಳಿದರೆ ತಪ್ಪು. ಇನ್ನೂ ಹೆಚ್ಚಾಯಿತು. ಓದಲು ಬಾರದಿದ್ದರೆ ಬಿಟ್ಟು ಹೋಗಬೇಕಿತ್ತು. ಗೀಚಿದ್ದಾರೆ ಅಂದನಂತೆ, ಗೀಚಿದ್ದಾರೆ! ಜನರೇಟರು ಕೆಟ್ಟಿದ್ದಕ್ಕೆ ಯಾರು ಹೊಣೆ? ಗಂಟೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ಮಾಡಿದ್ದಾರೆಯೇ? ಹೀಗೆ ಒಂದೊಂದನ್ನೇ ಪೋಣಿಸಿಕೊಂಡು ಮನೆ ಮುಟ್ಟಿದರು. ಎಲ್ಲವೂ ನ್ಯಾಯವಾದ ಮಾತೇ. ಆದರೂ ರಾತ್ರಿ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ನಾಳೆ ಮೀಟಿಂಗಿಗೆ ನಾನೂ ಬರ್ತೀನಿ" ಎಂದರು ಸುಮಿತ್ರಮ್ಮ.

"ಡಾಕ್ಟರು ಮಲಗಿರೋಕೆ ಹೇಳಿಲ್ವೇನೆ?"

"ಬಿದ್ದಿದ್ದು ನಾನು. ಯಾಕೆ ಬಿದ್ದೆ ಅಂತ ಕೇಳ್ಕೋಬೇಡ್ವಾ? ಆ ವಿಕ್ರಮ್ ಏನು ಹೇಳ್ತಾನೋ ಕಿವಿಯಾರೆ ಕೇಳ್ಬೇಕು ನಂಗೆ."

ಭಾನುವಾರ ಹನ್ನೊಂದು ಗಂಟೆಗೆ ಕಮ್ಯುನಿಟಿ ಹಾಲ್ ತುಂಬಿತ್ತು. ನಿವೃತ್ತ ಅಧಿಕಾರಿಗಳು ಹೆಚ್ಚಿರುವ ಸೊಸೈಟಿ, ಮೀಟಿಂಗ್ ಎಂದರೆ ಎಲ್ಲರಿಗೂ ಹುರುಪು. ಕೂಲರುಗಳು ಭೋರಿಡುತ್ತಿದ್ದವು. ಸುಮಿತ್ರಮ್ಮ ಮೊದಲನೇ ಸಾಲಿನಲ್ಲಿ ಕುಳಿತರು, ಪಕ್ಕದಲ್ಲಿ ಇಂದುಶೇಖರರು. ಬ್ರಿಜೇಶ್ ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಕುರ್ಚಿ ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ.

ವಿಕ್ರಮ್ ನಲವತ್ತೈದರ ನಯವಾದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿಯಷ್ಟೇ ನಯ. ಅವನು ಜಗಳವಾಡುತ್ತಾನೆಂದು ಇಂದುಶೇಖರರು ತೋಳೇರಿಸಿಕೊಂಡು ಬಂದಿದ್ದರು. ಅವನು ಜಗಳವಾಡಲಿಲ್ಲ. ಎದ್ದವನೇ ಸುಮಿತ್ರಮ್ಮನವರಿಗೆ ಕೈಮುಗಿದ, ಸೊಸೈಟಿಯ ಪರವಾಗಿ ಕ್ಷಮೆ ಕೇಳಿದ. ಆಮೇಲೆ ಹಿಂದಿಯಲ್ಲಿ ಹೇಳಿದ.

"ನಮ್ಮ ಶಾಫ್ಟನ್ನು ಅಂಕಲ್‌ಜೀ ಎಷ್ಟು ಚೆನ್ನಾಗಿ ಜೋಡಿಸಿದ್ದಾರೆ ಎಂದು ನಿಮಗೆಲ್ಲ ಗೊತ್ತು. ಪ್ರತಿ ತಂತಿಗೂ ಚೀಟಿಯಿದೆ. ಲಿಫ್ಟಿನ ತಂತಿಗೂ ಇತ್ತು. ಹೀಗಿದ್ದೂ ಈ ಮನುಷ್ಯ ಕತ್ತರಿಸಿದ್ದಾನೆ. ಇದು ಬೇಜವಾಬ್ದಾರಿಯಲ್ಲದೆ ಇನ್ನೇನು? ಪೊಲೀಸ್ ದೂರು ಕೊಡೋಣ. ಕಮಿಟಿಯಿಂದ ಒಂದು ಪತ್ರ ಹೋದರೆ ಕಂಪನಿ ಇವನನ್ನು ನಾಳೆಯೇ ತೆಗೆಯುತ್ತದೆ, ಮಾತಾಡಿದ್ದೇನೆ."

ಹಾಲ್‌ನಲ್ಲಿ "ಸರಿ, ಸರಿ" ಎಂಬ ಸದ್ದು ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನಮ್ಮ ಜನ ಎಲ್ಲ ಭಾಷೆಯವರೂ ಒಂದೇ. ಇಂದುಶೇಖರರ ಬಾಯಲ್ಲಿ ಸಿದ್ಧವಾಗಿದ್ದ ಬೈಗುಳವೆಲ್ಲ ಹಾಗೇ ಉಳಿಯಿತು. ವಿಕ್ರಮ್ ಅವರನ್ನು ಹೊಗಳುತ್ತಿದ್ದ. ಅವರು ಸುಮ್ಮನೆ ಕೂತರೆ ಸಾಕು, ಕೆಲಸ ತಾನಾಗಿ ಮುಗಿಯುತ್ತಿತ್ತು. ಅವನನ್ನು ಬೈಯಲು ಹೋದರೆ ಚೀಟಿಯ ಮಾತು ಬರುತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವರು ನುಂಗಲು ನೋಡಿದರು.

"ಸಾಹೇಬ್," ಎಂದ ಬ್ರಿಜೇಶ್ ಗೋಡೆಯ ಕಡೆಯಿಂದ. "ಚೀಟಿ ಇತ್ತು, ಸುಳ್ಳಲ್ಲ. ಓದಲು ಬರಲಿಲ್ಲ. ಬೇರೆ ಯಾವುದೋ ಲಿಪಿ. ನಿಮ್ಮನ್ನು ಕೇಳಿಯೇ ಕತ್ತರಿಸಿದ್ದು. ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಒಂದು ದೂರಿಲ್ಲ ನನ್ನ ಮೇಲೆ. ಬೇಕಿದ್ದರೆ ಅಂಕಲ್‌ಜೀಯವರನ್ನೇ ಕೇಳಿ."

ನೂರು ತಲೆಗಳು ಇಂದುಶೇಖರರ ಕಡೆ ತಿರುಗಿದವು. ಅವರು ಕೂಲರಿನ ಕಡೆ ನೋಡಿದರು. ಅಂಥ ವಿಶೇಷವೇನೂ ಆ ಕೂಲರಿನಲ್ಲಿ ಇರಲಿಲ್ಲ.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಹೇಳೋದು!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ವಿಕ್ರಮ್‌ಗೆ ಧೈರ್ಯ ಬಂತು. "ಗಾರ್ಡ್ ಶುಕ್ರವಾರವೇ ತೆಗೆದ ಫೋಟೋ ಇದೆ. ಎಷ್ಟು ದೊಡ್ಡದಾಗಿ ಬರೆದಿದ್ದಾರೆ, ನೀವೇ ನೋಡಿ" ಎಂದು ಫೋನಿನಿಂದ ಗೋಡೆಯ ಟಿವಿಗೆ ಹಾಕಿದ. ಟಿವಿಯ ತುಂಬ ಕತ್ತರಿಸಿದ ತಂತಿ, ಬಿಳಿ ಚೀಟಿ, ದುಂಡಗಿನ ಅಕ್ಷರ. ಜನ ಕಣ್ಣು ಕಿರಿದು ಮಾಡಿ ನೋಡಿದರು. ಒಬ್ಬರು ತಮಿಳು ಅಂದರು, ಇನ್ನೊಬ್ಬರು ತೆಲುಗು ಅಂದರು.

ಸುಮಿತ್ರಮ್ಮ ಕನ್ನಡಕ ಹಾಕಿಕೊಂಡು ಎದ್ದರು. ಟಿವಿಯ ಹತ್ತಿರ ಹೋದರು. ಅಲ್ಲಿ ನಿಂತು ಕನ್ನಡದಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಿದರು.

"ಲಿಫ್ಟಿನ ಗಂಟೆ. ಮುಟ್ಟಬೇಡಿ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಸುಮಿತ್ರಮ್ಮ ತಿರುಗಿ ಗಂಡನನ್ನು ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಆ ನೋಟವನ್ನು ಇಂದುಶೇಖರರು ಕಂಡಿರಲಿಲ್ಲ. ಅತ್ತೆಯ ಕಾಟದಲ್ಲಿ, ಎರಡು ಹೆರಿಗೆಯಲ್ಲಿ, ಮೂರು ಸಲ ಮನೆ ಬದಲಿಸಿದಾಗ, ಎಂದೂ ಕಂಡಿರಲಿಲ್ಲ.

"ಇದು ನಿಮ್ಮ ಅಕ್ಷರ ಅಲ್ವೇನ್ರೀ?"

"ಮನೆಗೆ ಹೋಗಿ ಮಾತಾಡೋಣ ಕಣೆ."

"ಮನೆಗೆ ಯಾಕೆ? ಅವನ ಅನ್ನ ಇಲ್ಲಿ ಕಿತ್ಕೋತಾ ಇದಾರೆ, ಮಾತು ಮನೇಲಿ ಆಡೋದಾ? ನೀವು ಸುಮ್ನೆ ಕೂತಿದೀರಲ್ರೀ! ಗೊತ್ತಿದ್ದೂ ಕೂತಿದೀರ!" ಟಿವಿಯ ಮೇಲಿನ ಚೀಟಿಗೆ ಬೆರಳು ತೋರಿಸಿದರು. "ಕನ್ನಡದಲ್ಲಿ ಯಾಕೆ ಬರೆದ್ರಿ ಹೇಳಿ. ಇವರಿಗೆಲ್ಲ ತಿಳಿಯೋ ಹಾಗೆ ಹೇಳಿ."

ವಿಕ್ರಮ್ "ಆಂಟಿಜೀ, ಏನಾಯ್ತು?" ಎಂದು ಹತ್ತಿರ ಬಂದ. ಸುಮಿತ್ರಮ್ಮ ಕೈಯೆತ್ತಿ ಅವನನ್ನು ಅಲ್ಲೇ ನಿಲ್ಲಿಸಿದರು. "ನಿನ್ನ ಸರದಿ ಆಮೇಲೆ" ಎಂದರು, ಹಿಂದಿಯಲ್ಲಿ.

ಇಂದುಶೇಖರರು ಎದ್ದು ನಿಂತರು. ಮೂರು ದಿನದಿಂದ ಎಲ್ಲರ ಮೇಲೂ ಕಿಡಿ ಕಾರಿದ ನಾಲಗೆ ಈಗ ಅಂಗುಳಕ್ಕೆ ಅಂಟಿಕೊಂಡಿತ್ತು. ಸಿಟ್ಟೇನೋ ಇನ್ನೂ ಇತ್ತು, ಆದರೆ ಎಸೆಯಲು ಎದುರಿಗೆ ಯಾರೂ ಉಳಿದಿರಲಿಲ್ಲ.

"ಲಿಫ್ಟಿನ ಗಂಟೆ, ಮುಟ್ಟಬೇಡಿ ಎಂದು ಬರೆದಿದೆ" ಎಂದು ಹಿಂದಿಯಲ್ಲಿ ಹೇಳಿದರು. "ಕನ್ನಡದಲ್ಲಿ. ಬರೆದವನು ನಾನು. ಮೊದಲು ಇಂಗ್ಲಿಷಿನಲ್ಲಿತ್ತು, ಕಿತ್ತುಹಾಕಿದೆ. ಇವರಿಗೆ ಓದಲು ಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಬರೆದೆ."

"ಯಾಕೆ?" ಎಂದು ಕೇಳಿದವನು ಬ್ರಿಜೇಶ್.

ಇಂದುಶೇಖರರು ಅವನ ಮುಖ ನೋಡಿದರು, ಮೊದಲ ಸಲ ಸರಿಯಾಗಿ ನೋಡಿದರು. "ನೀವೆಲ್ಲ ಬಂದು ನನ್ನನ್ನು ಕೇಳಲಿ ಎಂದು."

ಸುಮಿತ್ರಮ್ಮ ಕನ್ನಡಕ ತೆಗೆದರು. ಅವರಿಗೆ ಹಿಂದಿ ಅಷ್ಟು ಸರಾಗವಲ್ಲ, ಹೆಂಗಸು ಗಂಡಸು ಕ್ರಿಯಾಪದ ಈಗಲೂ ತಪ್ಪುತ್ತದೆ. ಆದರೂ ಹಿಂದಿಯಲ್ಲೇ, ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದರು.

"ಕೇಳೋಕೆ ಬಂದಿದ್ದ. ಬಾಗಿಲು ತೆಗೆದವಳು ನಾನೇ. ಯಜಮಾನರು ಮನೆಯಲ್ಲಿಲ್ಲ ಎಂದು ಇವನನ್ನು ವಾಪಸ್ ಕಳಿಸಿದೆ. ಆಮೇಲೆ ಹೋಗಿ ಆ ಲಿಫ್ಟು ಹತ್ತಿದೆ."